ಅಪ್ಪ ಗಿಟಾರ್ ಬಿಟ್ಟರು

ಬ್ಲಾಂಟ್ಸ್ ಕ್ರಾಸಿಂಗ್, ಮಿಸಿಸಿಪ್ಪಿ
ಅಕ್ಟೋಬರ್ ೧೪, ೧೯೫೮

ನನ್ನ ಕಂದ ಆಮ್ಜಿ,

ಹೇಗಿದ್ದೀಯಪ್ಪಾ? ಷಿಕಾಗೋದಲ್ಲಿ ಚಳಿ ಶುರುವಾಗಿರಬೇಕು. ಬೆಚ್ಚಗೆ ಏನಾದರೂ ಹಾಕಿಕೊಳ್ಳುತ್ತೀಯೋ, ಇಲ್ಲ ಚಂದ ಕಾಣಬೇಕೆಂದು ಆ ತೆಳು ಕೋಟಿನಲ್ಲೇ ತಿರುಗುತ್ತೀಯೋ? ಇಲ್ಲಿ ಹತ್ತಿ ಬಿಡಿಸುವ ಕೆಲಸ ಮುಗಿಯುತ್ತ ಬಂತು. ನನ್ನ ಮಂಡಿನೋವು ಇದ್ದದ್ದೇ.

ನಿಮ್ಮಪ್ಪನ ವಿಷಯ ಹೇಳಲೇಬೇಕು. ಕಾಲಿನ ಬಾವು ಹೊಟ್ಟೆಗೆ ಏರಿದೆ. ಡಾಕ್ಟರು ಕೈಚೆಲ್ಲಿದ ಮೇಲೆ, ನಿನ್ನ ತಂಗಿ ಲುವೀನಿಯಾಳ ಗೋರಿಯ ಪಕ್ಕದಲ್ಲೇ ತಮ್ಮನ್ನು ಮಣ್ಣು ಮಾಡಬೇಕೆಂದು ಹಟ ಹಿಡಿದರು. ಆ ಜಾಗ ಚರ್ಚಿನದು. ಪಾದ್ರಿ ಗ್ಯಾಲೋವೇ ಮನೆಗೇ ಬಂದು, "ನೋಡು ಹೋಸಿಯಾ, ಸೈತಾನನ ಬ್ಲೂಸ್ ಸಂಗೀತ ನುಡಿಸಿದ ಕೈಗೆ ಅಲ್ಲಿ ಜಾಗ ಇಲ್ಲ. ಗಿಟಾರ್ ಬಿಟ್ಟೆ ಅಂತ ಎಲ್ಲರೆದುರು ಹೇಳು" ಎಂದರು. ಭಾನುವಾರ ಚರ್ಚಿನಲ್ಲಿ ನಿಮ್ಮಪ್ಪನನ್ನು ಇಬ್ಬರು ಹಿಡಿದು ನಿಲ್ಲಿಸಿದರು. ಇವರು ಹೇಳಿದರು. ಗಿಟಾರನ್ನು ಚರ್ಚಿನವರು ಹಿತ್ತಲಲ್ಲಿ ಸುಟ್ಟರು.

ಅಂದಿನಿಂದ ಮನುಷ್ಯ ಸರಿಯಾಗಿ ಉಂಡಿಲ್ಲ. ಗೋಡೆಗೆ ಮುಖ ಮಾಡಿ ಮಲಗಿರುತ್ತಾರೆ. ಕುಣಿತದ ಮನೆಗಳಲ್ಲೂ ಹಾಗೆಯೇ ಜನಕ್ಕೆ ಬೆನ್ನು ಕೊಟ್ಟು ನುಡಿಸುತ್ತಿದ್ದರಲ್ಲ, ಬೆರಳು ನೋಡಿ ಯಾರಾದರೂ ವರಸೆ ಕದ್ದಾರು ಎಂದು. ಕದಿಯದೆ ಬಿಟ್ಟರೇ? ಇಲ್ಲಿಂದ ನಿಮ್ಮ ಷಿಕಾಗೋವರೆಗೆ ಬಾಟಲಿಯ ಕತ್ತನ್ನು ಬೆರಳಿಗೆ ಹಾಕಿ ತಂತಿಯ ಮೇಲೆ ಜಾರಿಸುವವರೆಲ್ಲ ಇವರಂತೆಯೇ ಅದನ್ನು ಅಳುವಂತೆ ಮಾಡುತ್ತಾರೆ. ಹೋದ ವರ್ಷ ರೇಡಿಯೋದಲ್ಲಿ ಯಾವನೋ ನುಡಿಸಿದ್ದು ಕೇಳಿ, "ಕಳ್ ನನ್ಮಗ, ಆದ್ರೂ ಚೆನ್ನಾಗ್ ಕದ್ದವ್ನೆ" ಎಂದು ನಕ್ಕಿದ್ದರು. ಕರೆಂಟಿನ ಗಿಟಾರ್ ನುಡಿಸುತ್ತೀಯೆಂದು ನಿನ್ನನ್ನೂ ಬಿಡುತ್ತಿರಲಿಲ್ಲ. "ಕರೆಂಟ್ ಹೋದ್ರೆ ನಿನ್ ಮಗ ಮೂಗ ಕಣೇ" ಅನ್ನುತ್ತಿದ್ದರು. ಆ ಮುನಿಸಿಗೇ ನೀನು ಕ್ರಿಸ್‌ಮಸ್ಸಿಗೂ ಬರಲಿಲ್ಲ, ನನಗೆ ಗೊತ್ತು. ಆದರೆ ನಿನ್ನ ರೆಕಾರ್ಡ್ ಹಾಕಿದರೆ ಮನೆಯಲ್ಲಿ ಯಾರೂ ಉಸಿರೆತ್ತುವಂತಿರಲಿಲ್ಲ.

ನಿನ್ನೆ ನನ್ನ ಕೈ ಹಿಡಿದುಕೊಂಡು, "ಅರ್ಡೆಲಾ, ಮಗಳ ಹತ್ರ ಹೋಗಿ ಮಲಗ್ತೀನಿ, ಸರಿ. ಅಪ್ಪಾ ಒಂದು ನುಡಿಸು ಅಂತ ಅವಳು ಕೇಳಿದ್ರೆ ಏನ್ ಮಾಡ್ಲಿ?" ಎಂದರು. ದಿಕ್ಕು ತೋಚುತ್ತಿಲ್ಲ ಮಗನೇ. ಪ್ರಾರ್ಥನೆಗೆ ಕೂತರೂ ಬರೀ ಅಳು ಬರುತ್ತದೆ.

ಸೊಸೆಗೂ ಮಕ್ಕಳಿಗೂ ನನ್ನ ಮುದ್ದು. ನೀವೆಲ್ಲ ತಣ್ಣಗಿರಿ, ದೇವರ ಕಣ್ಣು ನಿಮ್ಮ ಮೇಲಿರಲಿ.

ನಿನ್ನ ಹೆತ್ತಮ್ಮ
ಅರ್ಡೆಲಾ

ಇನ್ನೊಂದು ಮಾತು. ಈ ಕಾಗದ ಕೈಗೆ ಸಿಕ್ಕ ದಿನವೇ ರೈಲು ಹತ್ತು. ಗಿಟಾರ್ ತಾ, ಕರೆಂಟಿನದೇ ಆಗಲಿ. ಕಿಟಕಿ ತೆರೆದು ನಿಮ್ಮಪ್ಪನ ತಲೆಯ ಹತ್ತಿರ ಕೂತು ನುಡಿಸು, ಪಾದ್ರಿಗೆ ಕೇಳಿದರೆ ಕೇಳಲಿ. ಚರ್ಚಿನವರು ಒಲ್ಲೆವು ಎಂದರೆ ನಮ್ಮ ಅಂಗಳದಲ್ಲೇ ಮಣ್ಣು ಮಾಡುತ್ತೇನೆ. ಲುವೀನಿಯಾಳ ಪಕ್ಕ ನನಗೆಂದು ಇಟ್ಟಿದ್ದ ಜಾಗವೂ ಬೇಡ, ನಾನೂ ಇವರ ಜೊತೆಗೇ ಎಂದು ಬೆಳಿಗ್ಗೆ ಪಾದ್ರಿಗೆ ಹೇಳಿ ಬಂದೆ. ನನ್ನ ಮಗಳು ಅಲ್ಲಿ ಒಬ್ಬಳೇ ಉಳಿಯುತ್ತಾಳೆ, ಆಮ್ಜಿ. ಅವಳಿಗೂ ಕೇಳುವಷ್ಟು ಜೋರಾಗಿ ನುಡಿಸು.