ಹನ್ನೊಂದು ಸಹಿಯ ಅರ್ಜಿ

14 ಜೂನ್ 1954, ಸೋಮವಾರ. ಮಧ್ಯಾಹ್ನ 3

ಇವತ್ತೂ ಎರಡು ಲಿಸ್ಟ್. ಶನಿವಾರದ ಮ್ಯಾಚಿಗೆ ಹನ್ನೊಂದು ಹೆಸರು ಟೈಪ್ ಮಾಡಿ ಲೀಗಿಗೆ ಕಳಿಸಬೇಕು. ಟೀಮಿನ ಮ್ಯಾನೇಜರ್, ಹಿಂದೆ ಮಿಲಿಟರಿಯಲ್ಲಿ ಹವಾಲ್ದಾರರಾಗಿದ್ದ ನೀಲಕಂಠಪ್ಪನವರ ಚೀಟಿಯಲ್ಲಿ ದೂಜನ ಹೆಸರು ಎಲ್ಲಕ್ಕಿಂತ ಮೇಲೆ. ಧಣಿಯ ಚೀಟಿಯಲ್ಲಿ ದೂಜನೇ ಇಲ್ಲ. ಅವನ ಜಾಗದಲ್ಲಿ ಧಣಿಯ ಅಳಿಯ ಅಣ್ಣು.

ಇಲ್ಲಿ ಗುಮಾಸ್ತನ ಕೆಲಸಕ್ಕೆ ಸೇರಿ ಒಂದು ತಿಂಗಳು. ಈಗ ಸ್ವಲ್ಪ ಸ್ವಲ್ಪ ತಿಳಿಯುತ್ತಿದೆ. ಮಾಟುಂಗಾದ ಈ ಪ್ರಭಾತ ಭವನ ಹೋಟೆಲೂ ನಮ್ಮ ಧಣಿ ಮೋನಪ್ಪ ಶೆಟ್ಟರದು, ಪ್ರಭಾತ ಫುಟ್‌ಬಾಲ್ ಕ್ಲಬ್ಬೂ ಅವರದೇ. ಆಡುವವರು ಹೋಟೆಲಿನ ಕೆಲಸದವರು — ಸಪ್ಲೈಯರುಗಳು, ರುಬ್ಬುವವರು, ಕಪ್ಪು ಬಸಿ ತೊಳೆಯುವವರು. ದೂಜ ತೊಳೆಯುವವನು. ಚೆಂಡು ಕಾಲಿಗೆ ಸಿಕ್ಕರೆ ಮಾತ್ರ ಅವನನ್ನು ಹಿಡಿಯುವವರಿಲ್ಲ.

ಗಲ್ಲಾದ ಮುಂದೆಯೇ ಜಗಳ.

"ಶನಿವಾರ ನಾಲ್ಕು ಗಂಟೆಗೆ ಎಷ್ಟು ರಶ್ ಉಂಟು ಗೊತ್ತುಂಟಾ? ಕಪ್ಪು ಯಾರು ತೊಳೆಯುವುದು, ನೀವಾ?" ಅಂದರು ಧಣಿ.

"ತೊಳೀತೀನ್ರಿ. ಪಲ್ಟನ್ನಾಗ ನೂರು ಮಂದೀ ತಾಟು ತೊಳದೇನಿ. ದೂಜನ್ನ ಬಿಡ್ರಿ ನೀವು," ಅಂದರು ನೀಲಕಂಠಪ್ಪನವರು.

ಗಿರಾಕಿಗಳು ನಕ್ಕರು. ಧಣಿ ನಗಲಿಲ್ಲ. ಆ ನಗು ಅವರಿಗೆ ತಾಗಿತು ಅಂತ ಕಾಣುತ್ತದೆ.

"ಬಿ.ಎ., ನನ್ನ ಲಿಸ್ಟ್ ಟೈಪ್ ಮಾಡು."

ನನಗೊಂದು ಹೆಸರಿದೆ, ಸದಾನಂದ. ಧಣಿ ಒಮ್ಮೆಯೂ ಕರೆದಿಲ್ಲ. ಟೈಪ್ ಮಾಡಿದೆ. ನೀಲಕಂಠಪ್ಪನವರು ಮ್ಯಾನೇಜರ್ ಸಹಿ ಹಾಕುವಾಗ ಅಣ್ಣುವಿನ ಹೆಸರು ಹೊಡೆದು, ಪೆನ್ನಿನಲ್ಲಿ ದೂಜ ಅಂತ ಬರೆದು, ಅದನ್ನು ನನ್ನ ಕೈಯಲ್ಲೇ ಪೋಸ್ಟಿಗೆ ಹಾಕಿಸಿದರು.

16 ಜೂನ್, ಬುಧವಾರ

ಇಬ್ಬರೂ ಮಾತು ಬಿಟ್ಟಿದ್ದಾರೆ. ನಡುವೆ ನಾನು.

"ಬಿ.ಎ., ಅವರಿಗೆ ಹೇಳು, ಐದು ಗಂಟೆಗೆ ಪ್ರಾಕ್ಟೀಸ್ ಬಂದ್."

ನೀಲಕಂಠಪ್ಪನವರು ಎರಡು ಮೊಳ ದೂರದಲ್ಲಿದ್ದಾರೆ. ಎಲ್ಲ ಕೇಳಿದೆ. ಆದರೂ ನನ್ನ ಮುಖವನ್ನೇ ನೋಡುತ್ತಾರೆ. ತಿರುಗಿ ಹೇಳಿದೆ — ಐದಕ್ಕೆ ಬಂದ್ ಅಂತೆ.

"ಸಾಹುಕಾರ್ರಿಗೆ ಹೇಳು ತಮ್ಮಾ, ನಾಲ್ಕಕ್ಕ ಬಿಟ್ಟು ಐದಕ್ಕ ಬಾ ಅಂದ್ರ ಇದೇನು ಸಂತಿಗೆ ಹೋಗಿ ಬರೂದನು? ಮೂರಕ್ಕ ಬಿಡ್ರಿ ಅನ್ನು."

"ಮೂರಕ್ಕೆ ಬಿಡಬೇಕಂತೆ ಧಣಿ."

"ಸಂತೆಯದ್ದು ಯಾಕೆ ಬಿಟ್ಟೆ?"

ಅದನ್ನೂ ಹೇಳಿದೆ.

23 ಜೂನ್. ವಡಾಲ ಗ್ರೌಂಡ್

ಹಾಜರಿ ಬರೆಯಲು ಧಣಿ ನನ್ನನ್ನು ದಿನಾ ಇಲ್ಲಿಗೆ ಕಳಿಸುತ್ತಾರೆ. ಹಾಜರಿ ಅಂದರೆ — ಇಲ್ಲಿ ನಡೆದದ್ದನ್ನೆಲ್ಲ ಹೋಗಿ ಹೇಳುವುದು. ಮಳೆ. ಆಚೆ ಹಾರ್ಬರ್ ಲೈನಿನ ಲೋಕಲ್ ಹೋಗುವಾಗಲೆಲ್ಲ ನೀಲಕಂಠಪ್ಪನವರ ಕೂಗು ಅರ್ಧಕ್ಕೆ ನಿಲ್ಲುತ್ತದೆ, ಗಾಡಿ ದಾಟಿದ ಮೇಲೆ ಅದೇ ಶಬ್ದದಿಂದ ಮುಂದುವರಿಯುತ್ತದೆ.

ಆಟ ಮುಗಿದ ಮೇಲೆ ಹುಡುಗರನ್ನು ಸಿಮೆಂಟ್ ಪೈಪಿನ ಮೇಲೆ ಸಾಲಾಗಿ ಕೂರಿಸುತ್ತಾರೆ. ಒಂದು ಬೋಗುಣಿ, ಅದರಲ್ಲಿ ನೇರಳೆ ಬಣ್ಣದ ಔಷಧಿ ನೀರು. ಒಬ್ಬೊಬ್ಬರ ಕಾಲನ್ನೂ ತೊಡೆಯ ಮೇಲಿಟ್ಟುಕೊಂಡು ಬೆರಳ ಸಂದಿ ಬಿಡಿಸಿ ತೊಳೆದು, ಒರೆಸಿ, ಮುಲಾಮು ಹಚ್ಚುತ್ತಾರೆ. ಹಗಲಿಡೀ ಹೋಟೆಲಿನ ಮೋರಿಯಲ್ಲಿ ನಿಂತ ಕಾಲುಗಳು. ದೂಜನ ಬೆರಳ ಸಂದಿ ಕೊಳೆತು ಬಿಳಿಚಿಕೊಂಡಿದೆ.

ದೂಜ ಕಾಲು ಹಿಂದಕ್ಕೆ ಎಳೆದುಕೊಂಡ. "ಬೇಡ ಸಾರ್. ನನ್ನ ಕಾಲು ನೀವು ಮುಟ್ಟುವುದಾ?"

"ಸುಮ್ಮ ಕೂಡು. ಚೆಂಡು ಮುಟ್ಟತೈತಿ, ನಾ ಮುಟ್ಟಬಾರದನು?"

ಇದನ್ನು ಧಣಿಗೆ ಹೇಳಲಿಲ್ಲ. ಹೇಳಲಿಕ್ಕೆ ಇದೇನು ದೂರೇ?

4 ಜುಲೈ, ಭಾನುವಾರ

ಸೆಮಿಫೈನಲ್ ಗೆದ್ದೆವು. 2–0. ಎರಡೂ ದೂಜನದು. ನಾನು ಕೂಗಿದೆ ಅಂತ ಗೋಲ್‌ಕೀಪರ್ ಸೀನ ಹೇಳುತ್ತಾನೆ. ನಂಬಿಕೆ ಬರಲಿಲ್ಲ.

ಸಂಜೆ ಆರಕ್ಕೆ ಹೋಟೆಲಿನಲ್ಲಿ ಪಾರ್ಟಿ. ಧಣಿ ಸೋತ ಟೀಮಿನವರನ್ನೂ ಕರೆದಿದ್ದರು — ಒಂದು ಹತ್ತಿ ಕಂಪೆನಿಯ ಆಫೀಸಿನವರು. ಲೀಗಿನವರು ಇಬ್ಬರು, ನಮ್ಮ ಕ್ಲಬ್ಬಿನ ಕಮಿಟಿಯ ನಾಲ್ವರು. ಗಿರಾಕಿಗಳು ಕೂರುವ ಹಾಲ್‌ನ ಮೇಜುಗಳೆಲ್ಲ ಭರ್ತಿ. ನಮ್ಮ ಹುಡುಗರು ಕೆಸರು ತೊಳೆದು, ಡ್ರೆಸ್ ಹಾಕಿ, ಬಡಿಸಲು ಬಂದರು. ಕೆಲಸದವರು ಹಾಲಿನಲ್ಲಿ ಕೂರುವಂತಿಲ್ಲ — ಇದು ಮೊದಲಿನಿಂದ ಇರುವ ಪದ್ಧತಿ. ನನಗೂ ಆ ಹೊತ್ತಿಗೆ ಏನೂ ಅನ್ನಿಸಲಿಲ್ಲ, ನಿಜ ಹೇಳಬೇಕೆಂದರೆ. ಆಳು ಸಾಲದೆ ದೂಜನ ಕೈಗೂ ನೀರಿನ ಜಗ್ಗು ಕೊಟ್ಟಿದ್ದರು. ಮಧ್ಯಾಹ್ನ ಅವನ ಮೊಣಕಾಲಿಗೆ ಒದ್ದವನ ಲೋಟಕ್ಕೆ ಅವನೇ ನೀರು ಹಾಕುತ್ತಿದ್ದ. ಕುಂಟುತ್ತಿದ್ದ.

ನೀಲಕಂಠಪ್ಪನವರು ತಡವಾಗಿ ಬಂದರು. ಬಾಗಿಲಲ್ಲೇ ನಿಂತು ನೋಡಿದರು. ನೆಟ್ಟಗೆ ಹೋಗಿ ಜಗ್ಗು ತೆಗೆದುಕೊಂಡರು. ಒಂದು ಕುರ್ಚಿ ಎಳೆದರು.

"ಕೂಡು."

ದೂಜ ಗಲ್ಲಾದ ಕಡೆ ನೋಡಿದ.

"ಅಲ್ಲೇನು ನೋಡತಿ? ಗೆದ್ದಾಂವ ನೀ. ಕೂಡು."

ಕುರ್ಚಿಯ ತುದಿಯಲ್ಲಿ ಕೂತ. ಧಣಿ ಎದ್ದು ಬಂದರು. ಮುಖ ತುಂಬ ನಗು. ಸೀನನ ಕೈಯಿಂದ ಜಿಲೇಬಿಯ ತಟ್ಟೆ ತೆಗೆದುಕೊಂಡು ದೂಜನ ಮುಂದೆ ನಾಲ್ಕು ಹಾಕಿದರು.

"ತಿನ್ನು ದೂಜ. ನಾಚಿಕೆ ಎಂತದು? ಇವತ್ತು ಧಣಿಯೇ ನಿನ್ನ ಸಪ್ಲೈಯರ್. ಇನ್ನೂ ಬೇಕಾ? ನೀರು ಬೇಕಾ?"

ಎಲ್ಲರೂ ನಕ್ಕರು, ಚಪ್ಪಾಳೆ ಹೊಡೆದರು. ದೂಜ ಒಂದು ತುಂಡು ಬಾಯಿಗಿಟ್ಟುಕೊಂಡ. ಅಗಿಯಲಿಲ್ಲ. ಅಷ್ಟು ಹೊತ್ತೂ ಅದು ಅವನ ಕೆನ್ನೆಯಲ್ಲೇ ಇತ್ತು.

ಅದೇ ನಗುವಿನಲ್ಲಿ ಧಣಿ ಮೆಲ್ಲಗೆ ಅಂದರು — "ಇದು ನಿಮ್ಮ ಪಲ್ಟನ್ ಅಲ್ಲ." ಹದಿನೆಂಟು ದಿನಗಳ ಮೇಲೆ ನೇರ ಮಾತು.

"ಖರೇರಿ. ಪಲ್ಟನ್ನಾಗ ಗೆದ್ದಾವರು ಕೂತು ಉಣತಾರ."

5 ಜುಲೈ

ಬೆಳಿಗ್ಗೆ ಧಣಿ ಕರೆಸಿದರು. "ರೂಲ್ ಬುಕ್ ತಾ."

ನಾನೇ ಟೈಪ್ ಮಾಡಿದ ಪುಸ್ತಕ. ಮ್ಯಾನೇಜರನ್ನು ಸೀಸನ್ ಮುಗಿಯುವವರೆಗೆ ತೆಗೆಯುವಂತಿಲ್ಲ. ಏಳು ಜನ ಆಟಗಾರರಾದರೂ ಕಮಿಟಿಗೆ ಬರೆದು ದೂರು ಕೊಟ್ಟರೆ ಮಾತ್ರ ತೆಗೆಯಬಹುದು. ನೀಲಕಂಠಪ್ಪನವರು ಬರುವಾಗ ಕೇಳಿ ಹಾಕಿಸಿದ ನಿಯಮವಂತೆ.

"ಬಿ.ಎ. ಮಾಡಿದ್ದೀಯಲ್ಲ. ಬರೆ. ಹುಡುಗರ ಬಾಯಲ್ಲಿ ಬರೆ."

"ಏನಂತ, ಧಣಿ?"

"ಅದನ್ನೂ ನಾನೇ ಹೇಳುವುದಾದರೆ ನೀನು ಯಾಕೆ ಮಾರಾಯ?"

ಆಗಲಿ ಅಂದೆ. ಈ ಕೆಲಸ ಸಿಗುವ ಮೊದಲು ಎಂಟು ತಿಂಗಳು ವಡಾಲದಲ್ಲಿ ದೊಡ್ಡಪ್ಪನ ಮಗನ ಖೋಲಿಯಲ್ಲಿದ್ದೆ. ಅತ್ತಿಗೆ ನನ್ನ ಪುಸ್ತಕಗಳನ್ನು ಪ್ರತಿದಿನ ಬೇರೆ ಬೇರೆ ಮೂಲೆಗೆ ಇಡುತ್ತಿದ್ದರು. ಈ ಕೆಲಸ ಹೋದರೆ ಮತ್ತೆ ಅಲ್ಲಿಗೇ ಹೋಗಬೇಕು.

7 ಜುಲೈ

ಮೊದಲು ಬರೆದ ಅರ್ಜಿಯನ್ನು ಧಣಿ ತಿರಸ್ಕರಿಸಿದರು. "ಇದು ವಕೀಲರು ಬರೆದ ಹಾಗೆ ಉಂಟು. ಹುಡುಗರು ಎಲ್ಲಿದ್ದಾರೆ ಇದರಲ್ಲಿ?"

ಅವಮಾನವಾಯಿತು. ಸುಳ್ಳು ಬರೆದದ್ದಕ್ಕಲ್ಲ. ಚೆನ್ನಾಗಿ ಬರೆಯದ್ದಕ್ಕೆ.

8 ಜುಲೈ. ಸಂಜೆ 5

ಇವತ್ತು ಬಂತು. ತಡೆಯಿಲ್ಲದೆ ಬಂತು.

ಎಲ್ಲವೂ ನಡೆದದ್ದೇ. ಸೀನನ ಕಿವಿ ಹಿಡಿದದ್ದು. ಮಳೆಯಲ್ಲಿ ಓಡಿಸಿದ್ದು. ಆಮೇಲೆ ಇದು: "ದಿನವೂ ನಮ್ಮನ್ನು ಸಾಲಾಗಿ ಕೂರಿಸಿ, ಹೋಗಿ ಬರುವವರ ಮುಂದೆ ನಮ್ಮ ಕಾಲು ಎತ್ತಿಸಿ, ಸಂತೆಯಲ್ಲಿ ದನದ ಗೊರಸು ನೋಡಿದಂತೆ ನೋಡುತ್ತಾರೆ. ನಾವು ಬಡವರು. ಆದರೆ ದನಗಳಲ್ಲ."

ಧಣಿ ಈ ಸಾಲನ್ನು ಎರಡು ಸಲ ಓದಿಸಿದರು. "ಇದು ನಿಜವಾ?"

ಕಾಲು ನೋಡುವುದು ನಿಜ ಅಂದೆ.

"ಸಾಕು. ಬಸ್. ಕಮಿಟಿಯವರಿಗೆ ಊಟ ಸೇರುವುದಿಲ್ಲ ಇದನ್ನು ಕೇಳಿದರೆ."

9 ಜುಲೈ

ಸಹಿ ಹಾಕಿಸಿದೆ. ಸಹಿಯ ಜಾಗ ಮಾತ್ರ ಇದ್ದ ಎರಡನೆಯ ಹಾಳೆಯನ್ನಷ್ಟೇ ತೋರಿಸಿದೆ. ಅಣ್ಣುವಿಗೆ ಗೊತ್ತಿತ್ತು, ಕಣ್ಣು ಹೊಡೆದ. ಉಳಿದ ಹತ್ತು ಜನರಲ್ಲಿ ಕೇಳಿದವನು ದೂಜ ಒಬ್ಬನೇ.

"ಮಾಷ್ಟ್ರೇ, ಎಂತ ಇದು?"

"ಲೀಗಿನ ಕಾಗದ. ಫೈನಲ್ಲಿಗೆ."

ಕೈಯನ್ನು ಚಡ್ಡಿಗೆ ಒರೆಸಿಕೊಂಡ. ರಾತ್ರಿ ಶಾಲೆಗೆ ಸೇರಿ ಮೂರು ತಿಂಗಳಾಗಿದೆ. ನಾಲಿಗೆ ಕಚ್ಚಿಕೊಂಡು, ಅರ್ಧ ಸಾಲು ತುಂಬುವಷ್ಟು ದೊಡ್ಡದಾಗಿ ಹೆಸರು ಬರೆದ. ಆಮೇಲೆ ತಲೆ ಓರೆ ಮಾಡಿ ನೋಡಿದ. "ಹೇಗುಂಟು?"

ಚೆನ್ನಾಗಿದೆ ಅಂದೆ.

18 ಜುಲೈ, ಭಾನುವಾರ

ಒಂಬತ್ತು ದಿನ ಏನೂ ಬರೆಯಲಿಲ್ಲ.

ಹನ್ನೊಂದಕ್ಕೆ ಮಾಳಿಗೆಯಲ್ಲಿ ಕಮಿಟಿ. ಧಣಿ, ಬೇರೆ ಹೋಟೆಲುಗಳ ನಾಲ್ವರು ಮಾಲೀಕರು, ನೀಲಕಂಠಪ್ಪನವರು. ಓದುವವನು ನಾನು. ದನಗಳಲ್ಲ ಅಂದಾಗ ಕಮಿಟಿಯ ಪೂವಪ್ಪನವರು ಚ್ಚು ಚ್ಚು ಅಂದರು. ನೀಲಕಂಠಪ್ಪನವರು ತಮ್ಮ ಅಂಗೈ ನೋಡಿಕೊಂಡರು.

"ಇದನ್ನ ಯಾರು ಬರದಾರ?"

"ಹುಡುಗರು. ಸಹಿ ಕಾಣುವುದಿಲ್ಲವಾ? ಹನ್ನೊಂದುಂಟು, ಎಣಿಸಿ," ಅಂದರು ಧಣಿ.

"ಹಂಗಾರ ಹುಡುಗೂರನ್ನ ಕರೀರಿ. ಅವರ ಬಾಯಿಲೆ ಹೇಳಸ್ರಿ."

"ನಿಮ್ಮ ಮುಂದೆ ಅವರಿಗೆ ಬಾಯಿ ಬರ್ತದಾ? ಹೊಡೆಯುವವರು ನೀವು."

ಆಗ ನೀಲಕಂಠಪ್ಪನವರು ನನ್ನ ಕಡೆ ತಿರುಗಿದರು. ದನಿ ಏರಿಸಲಿಲ್ಲ. "ತಮ್ಮಾ, ನೀ ದಿನಾ ಅಲ್ಲೇ ಕೂತಿರತಿದ್ದಿ. ನೀನರ ಹೇಳು. ನಾ ಅವರ ಕಾಲು ಹಿಡೀತಿದ್ದದ್ದು ಯಾಕ?"

ಆರು ಜನ ನನ್ನನ್ನು ನೋಡಿದರು. ಉತ್ತರ ಎರಡೇ ಶಬ್ದದ್ದು.

"ನನಗೆ ಗೊತ್ತಿಲ್ಲ" ಅಂದೆ.

ನೀಲಕಂಠಪ್ಪನವರು ನನ್ನ ಮುಖ ನೋಡಿದರು. ಅವರಿಗೆ ತಿಳಿಯಿತು — ಯಾರು ಬರೆದದ್ದು ಅಂತ. ಹೇಳಬಹುದಿತ್ತು. ಹೇಳಲಿಲ್ಲ. "ಆತು ಬಿಡ್ರಿ" ಅಂದು ಎದ್ದರು. ಮೆಟ್ಟಿಲಿಳಿಯುವಾಗ ಧಣಿ ಹಿಂದಿನಿಂದ ಕೂಗಿದರು — "ಹವಾಲ್ದಾರ್ರೇ, ಟೀ ಕುಡಿದು ಹೋಗಿ. ಕೂತೇ ಕುಡಿಯಿರಿ!"

20 ಜುಲೈ

ಅಣ್ಣು ಮ್ಯಾನೇಜರ್. ನಾನು ಕ್ಲಬ್ಬಿನ ಸೆಕ್ರೆಟರಿ. ನನ್ನ ಮೇಜನ್ನು ಕಿಟಕಿಯ ಹತ್ತಿರ ಹಾಕಿಸಿದ್ದಾರೆ. "ನಿನ್ನ ಪೆನ್ನು ಭಾರೀ ಹರಿತ ಮಾರಾಯ" — ಧಣಿ ಬಂದವರಿಗೆಲ್ಲ ಹೇಳುತ್ತಾರೆ.

ಸೀನ ಕೇಳಿದ, "ಸಾರ್ ಯಾಕೆ ಬರುವುದಿಲ್ಲ?" ನಾನು ಬಾಯಿ ತೆರೆಯುವ ಮೊದಲೇ ಅಣ್ಣು ಅಂದ — "ನನ್ನನ್ನು ಯಾಕೆ ಕೇಳುವುದು? ಬೇಡ ಅಂತ ಸಹಿ ಹಾಕಿದವರು ನೀವೇ ಅಲ್ವಾ?"

22 ಜುಲೈ, ಗುರುವಾರ. ಮಧ್ಯಾಹ್ನ 2

ದೂಜ ಮೇಲೆ ಬಂದ. ಮೊಣಕೈವರೆಗೆ ಸಾಬೂನಿನ ನೊರೆ. "ಓದಿ" ಅಂದ.

ಕಾರ್ಬನ್ ಪ್ರತಿ ತೆಗೆದು ಓದಿದೆ. ಒಂದು ಶಬ್ದವನ್ನೂ ಬಿಡಲಿಲ್ಲ. ದನದ ಸಾಲು ಓದುವಾಗ ಅವನು ತನ್ನ ಕಾಲು ನೋಡಿಕೊಂಡ.

"ಸಾರಿಗೆ ಇದನ್ನು ಓದಿ ಹೇಳಿದ್ದಾ? ನಾನು ಹೇಳಿದ್ದು ಅಂತ?"

"ಹೌದು."

"ನನಗೆ ಬರೆಯಲಿಕ್ಕೆ ಬರುವುದು ನನ್ನ ಹೆಸರೊಂದೇ ಮಾಷ್ಟ್ರೇ. ಅದನ್ನೂ ನೀವು ತೆಗೊಂಡ್ರಿ."

ಬೈಯಲಿಲ್ಲ. ಕೆಳಗೆ ಹೋದ. ಕಪ್ಪುಗಳ ಸದ್ದು ಮತ್ತೆ ಶುರುವಾಯಿತು. ಭಾನುವಾರ ಫೈನಲ್. ಸಾರ್ ಇಲ್ಲದೆ ಆಡುವುದಿಲ್ಲ ಅಂತ ಹುಡುಗರು ಹಿಂದಿನ ಮೋರಿಯ ಹತ್ತಿರ ಮಾತಾಡಿಕೊಳ್ಳುತ್ತಿದ್ದಾರೆ. ಆಡದಿದ್ದರೆ ಧಣಿ ಎಲ್ಲರನ್ನೂ ಊರಿಗೆ ಅಟ್ಟುತ್ತಾರೆ.

23 ಜುಲೈ, ಶುಕ್ರವಾರ. ಬೆಳಿಗ್ಗೆ 10

ಆರು ಪ್ರತಿ ಟೈಪ್ ಮಾಡಿದೆ. ನಾಲ್ಕು ಸಾಲು. "ಅರ್ಜಿ ಬರೆದವನು ನಾನು. ಆಟಗಾರರಿಗೆ ಅದರಲ್ಲಿ ಏನಿದೆಯೆಂದು ತಿಳಿಸದೆ ಸಹಿ ಹಾಕಿಸಿದವನೂ ನಾನು. ನೀಲಕಂಠಪ್ಪನವರು ಅವರ ಕಾಲು ಹಿಡಿಯುತ್ತಿದ್ದುದು ಹುಣ್ಣಿಗೆ ಔಷಧಿ ಹಚ್ಚಲು. ಇದನ್ನು ಕಣ್ಣಾರೆ ಕಂಡಿದ್ದೇನೆ." ಇದರಲ್ಲಿ ಒಂದು ಒಳ್ಳೆಯ ವಾಕ್ಯವೂ ಇಲ್ಲ.

ಕಮಿಟಿಯ ನಾಲ್ವರಿಗೆ ನಾಲ್ಕು ಕೊಟ್ಟು ಬಂದೆ. ಐದನೆಯದು ಧಣಿಗೆ. ಗಲ್ಲಾದಲ್ಲಿ ನಿಂತೇ ಓದಿದರು.

"ಯಾರು ಹೇಳಿಕೊಟ್ಟದ್ದು ಇದನ್ನು?"

"ಯಾರೂ ಇಲ್ಲ."

"ಸೆಕ್ರೆಟರಿ ಮಾಡಿದೆ ನಿನ್ನನ್ನು. ಕಿಟಕಿ ಕೊಟ್ಟೆ. ನಾಯಿ." ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಈಗಿಂದೀಗ ಇಳಿ. ಮಾಟುಂಗಾದಲ್ಲಿ ಯಾವ ಹೋಟೆಲಿನವನು ನಿನಗೆ ಒಂದು ಲೋಟ ನೀರು ಕೊಡ್ತಾನೆ ನೋಡುವ."

ಇಳಿದೆ. ಕಾಗದ ಕೊಡಲು ಹೋದಾಗ ನಾಲ್ವರಲ್ಲಿ ಪೂವಪ್ಪನವರು ಮಾತ್ರ ಓದಿ ನನ್ನ ಜೊತೆ ಬಾಗಿಲವರೆಗೆ ಬಂದಿದ್ದರು. ನಾಳೆ ಮತ್ತೆ ಕಮಿಟಿ ಕೂಡಿಸಬಹುದಂತೆ, ಆದರೆ ನೀಲಕಂಠಪ್ಪನವರು ಬರಲು ಒಪ್ಪಬೇಕು. ಬೆಳಗಾವಿಗೆ ಟಿಕೆಟ್ ತೆಗೆಸಿದ್ದಾರೆ ಅಂತ ಸುದ್ದಿ.

ಅದೇ ದಿನ, 12.30. ವಡಾಲ

ನೀಲಕಂಠಪ್ಪನವರ ಚಾಳು. ಎರಡನೆಯ ಮಾಳಿಗೆ. ಬಾಗಿಲು ತೆರೆದವರು ಅವರ ಹೆಂಡತಿ ರುದ್ರವ್ವನವರು. ಒಳಗೆ ಹಗ್ಗ ಕಟ್ಟಿದ ಎರಡು ಟ್ರಂಕು.

"ಯಾರು ಬಂದಾರಂತ ಹೇಳ್ಲಿ?"

ಹೆಸರು ಹೇಳಬೇಕೆಂದಿದ್ದೆ. "ಆ ಅರ್ಜಿ ಬರೆದವನು ಅಂತ ಹೇಳಿ" ಅಂದೆ.

ನನ್ನ ಮುಖ ನೋಡಿದರು. ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಹೋದರು.

ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಆರನೆಯ ಪ್ರತಿ ಜೇಬಿನಲ್ಲಿದೆ. ಮೊದಲು ಅದನ್ನು ಕೈಗೆ ಕೊಟ್ಟುಬಿಡೋಣ, ಅವರು ಓದಿಕೊಳ್ಳುವವರೆಗೆ ಸುಮ್ಮನೆ ನಿಲ್ಲಬಹುದು ಅಂತ ದಾರಿಯುದ್ದಕ್ಕೂ ಅಂದುಕೊಂಡೆ. ಬೇಡ. ಕಾಗದ ಕೊಡುವುದಿಲ್ಲ. ಬಾಯಲ್ಲೇ ಹೇಳುತ್ತೇನೆ. ತೊದಲಿದರೂ ಸರಿ.

ಒಳಗೆ ಹೆಜ್ಜೆ ಸಪ್ಪಳ. ಅಗಳಿ ಸರಿಯಿತು. ಏಳಬೇಕು. ಮೊದಲನೆಯ ಮಾತು —