ಆಷಾಢದ ಕೆಂಪು ದೀಪ

ಉಮ್ಮತ್ತೂರು
20-7-2003, ಭಾನುವಾರ

ಗಾಳಿಪಟದ ಯಜಮಾನರಿಗೆ ನಿಮ್ಮ ಭವ್ಯಳ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಆದರೆ ಕ್ಷೇಮವಾಗಿಲ್ಲ. ಅಪ್ಪನ ಕೈಯಿಂದ ಮಾಲೀಕರು ಬಸ್ಸಿನ ಕೀ ಕಿತ್ತುಕೊಂಡಿದ್ದಾರೆ, ಕಾರಣ ನೀವು. ಗಾಬರಿಯಾಗದೆ ಪೂರ್ತಿ ಓದಿ.

ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಅಂತ ನನ್ನನ್ನು ತವರಿಗೆ ಕಳಿಸಿದಿರಿ. ಹೊರಡುವಾಗ ಕಿವಿಯಲ್ಲಿ ಹೇಳಿದ್ದು ನೆನಪಿದೆಯಲ್ಲ? ಸಂಜೆ ನಮ್ಮೂರ ಕೆರೆ ಏರಿಯಿಂದ ಗಾಳಿಪಟ ಬಿಡುತ್ತೇನೆ, ಬಾಲಂಗೋಚಿಗೆ ಕೆಂಪು ಕಾಗದದ ದೀಪ ಕಟ್ಟುತ್ತೇನೆ, ಮಹಡಿ ಹತ್ತಿ ನೋಡು ಅಂತ. ಮೆಣಸಿನಕಾಯಿ ಒಣಗಿಸುವ ನೆಪದಲ್ಲಿ ನಾನೂ ದಿನಾ ಹತ್ತಿದೆ. ಮೋಡದಲ್ಲಿ ಯಾವ ಮೆಣಸಿನಕಾಯಿ ಒಣಗುತ್ತೆ ಅಂತ ಅಮ್ಮ ಗದರಿದಳು.

ಹೋದ ಸೋಮವಾರ ಮುಸ್ಸಂಜೆ ಆ ದೀಪ ಅಪ್ಪನ ಕಣ್ಣಿಗೂ ಬಿತ್ತು. ರಸ್ತೆ ನಡುವೆ ಬಸ್ಸು ನಿಲ್ಲಿಸಿಬಿಟ್ಟರು. ಜನರೆಲ್ಲ ಇಳಿದು ನೋಡಿದರು. ಬಸ್ಸಿನಲ್ಲಿದ್ದ ಸಣ್ಣತಾಯಮ್ಮಜ್ಜಿ ಕೈ ಮುಗಿದು, 'ಮಾದಪ್ಪ ಉಲಿ ಮೇಲೆ ಬತ್ತಾವ್ನೆ ಕಣ್ರಪ್ಪಾ' ಅಂದರಂತೆ. ಆಕಾಶದಲ್ಲಿ ಏನೋ ವಿಚಿತ್ರ ಬೆಳಕು ಅಂತ ಸುದ್ದಿ ಠಾಣೆಗೆ ಹೋಯಿತು, ಪೇಪರಿಗೂ ಬಂತು. ಡ್ರೈವರ್ ಕುಡಿದಿದ್ದ ಅಂತ ಮಾಲೀಕರು ತೀರ್ಮಾನ ಮಾಡಿದರು. ಮಾದಪ್ಪನ ಹರಕೆ ಹೊತ್ತ ಮೇಲೆ ಅಪ್ಪ ಹೆಂಡದ ವಾಸನೆಗೂ ಹೋದವರಲ್ಲ.

ನಿನ್ನೆ ವಾಯುಸೇನೆಯ ಇಬ್ಬರು ಅಧಿಕಾರಿಗಳು ವಿಚಾರಣೆಗೆ ಬಂದು ಶಾಲೆ ಜಗುಲಿಯಲ್ಲಿ ಕೂತರು. ಒಬ್ಬರು ಕೊಡಗಿನವರು, ಕನ್ನಡ ಬರುತ್ತಿತ್ತು. ಎಷ್ಟು ಎತ್ತರ, ಶಬ್ದ ಇತ್ತಾ, ನಿಂತಿತ್ತಾ ಅಲುಗಿತಾ ಅಂತ ಒಬ್ಬೊಬ್ಬರನ್ನೂ ಕೇಳಿದರು. ಅಜ್ಜಿಯ ಹುಲಿಯನ್ನೂ ನಗದೆ ಕೇಳಿಸಿಕೊಂಡರು. ಕೊನೆಗೆ ಅಪ್ಪನನ್ನು ಕುಡಿದಿದ್ದಿರಾ ಅಂತ ಕೇಳಿದರು. 'ಇಲ್ಲ ಸ್ವಾಮಿ' ಅಂದ ಅಪ್ಪನ ಕೈ ಕೀ ಇಲ್ಲದ ಜೇಬನ್ನು ತಡಕುತ್ತಿತ್ತು.

ನನಗೆ ತಡೆಯಲಾಗಲಿಲ್ಲ ಕಣ್ರೀ. ನಿಮ್ಮ ಮಾನಕ್ಕಿಂತ ಅಪ್ಪನ ಕೈ ದೊಡ್ಡದು ಅನ್ನಿಸಿತು. ಎದ್ದು ನಿಂತು, 'ಅದು ನಮ್ಮ ಯಜಮಾನ್ರು ಬುಟ್ಟ ಗಾಳಿಪಟ ಸಾರ್' ಅಂದೆ. ಗಾಳಿಪಟಕ್ಕೆ ದೀಪ ಯಾಕಮ್ಮ ಅಂದರು. 'ಆಷಾಢ ಸಾರ್' ಅಂದೆ. ಜಗುಲಿಯೆಲ್ಲ ಗೊಳ್ಳೆಂದಿತು. ಅಮ್ಮ ಸೆರಗು ಮುಖಕ್ಕೆ ಹಾಕಿಕೊಂಡಳು. ಆ ಕೊಡಗಿನವರು ಮಾತ್ರ ಜೊತೆಯವರಿಗೆ ಹಿಂದಿಯಲ್ಲಿ ಆಷಾಢ ಅಂದರೇನು ಅಂತ ಬಹಳ ಹೊತ್ತು ಬಿಡಿಸಿ ಹೇಳಿದರು.

ಬಾಯಿಮಾತು ಸಾಲದಂತೆ, ಕಣ್ಣಾರೆ ಕಾಣಬೇಕಂತೆ. ಗುರುವಾರ ಸಂಜೆ ಅವರು ನಿಮ್ಮ ಕೆರೆ ಏರಿಗೆ ಬರುತ್ತಾರೆ. ಮಾಲೀಕರನ್ನೂ ಕರೆದಿದ್ದಾರೆ. ನನ್ನ ಮಾತು ನಿಜವಾದರೆ ಅಲ್ಲೇ ಅಪ್ಪನಿಗೆ ಕೀ ಕೊಡಲು ಮಾಲೀಕರು ಒಪ್ಪಿದ್ದಾರೆ. ಅದೇ ಗಾಳಿಪಟ, ಅದೇ ಕೆಂಪು ಕಾಗದ ಇರಲಿ. ಅತ್ತೆಯೂ ನೋಡುತ್ತಾರೆ, ಊರೂ ನೋಡುತ್ತದೆ, ನಾಚಿಕೆಯಾಗುತ್ತದೆ, ತಡೆದುಕೊಳ್ಳಿ. ನಾನೂ ಬರುತ್ತೇನೆ. ಕೆರೆ ಏರಿಗೆ ಹೊಸಿಲು ಎಲ್ಲಿದೆ?

ಕಂಡಕ್ಟರ್ ಚಿಕ್ಕಮಾದು ಕೈಲಿ ಇದನ್ನು ಕಳಿಸುತ್ತಿದ್ದೇನೆ.

ಇಂತಿ ಮಹಡಿ ಮೇಲೆ ಕಾಯುವ
ನಿಮ್ಮ ಭವ್ಯ

ಮತ್ತೊಂದು ಮಾತು: ದೀಪ ಕಂಡರೆ ಕಂಡಿತು, ಬಸ್ಸು ಯಾಕೆ ನಿಲ್ಲಿಸಬೇಕಿತ್ತು, ಹೆದರಿಕೆ ಆಯ್ತಾ ಅಂತ ಇವತ್ತು ಅಮ್ಮ ಅಪ್ಪನನ್ನು ಬೈದಳು. 'ಎದ್ರಿಕೆ ಎಲ್ಬಂತು? ಚೆಂದಾಗಿತ್ತು ಕಣಮ್ಮಿ. ಎಲ್ರೂ ನೋಡ್ಲಿ ಅಂತ ನಿಲ್ಲಿಸ್ಬುಟ್ಟೆ' ಅಂದರು. ಅಷ್ಟೆಲ್ಲ ಪ್ರಶ್ನೆ ಕೇಳಿದ ಅಧಿಕಾರಿಗಳಿಗೆ ಇದೊಂದನ್ನು ಅಪ್ಪ ಹೇಳಿರಲಿಲ್ಲ. ಗುರುವಾರ ಗಾಳಿಪಟ ಬೇಗ ಇಳಿಸಬೇಡಿ.