ಗುಬ್ಬಿಯಿಂದ ಬಂದ ಮೂರು ಮೂಟೆ

ಭಾನುವಾರ, ೧೦ ಆಗಸ್ಟ್ ೨೦೨೫. ತುಮಕೂರು.

ಆ ಮೂರು ಮೂಟೆ ಇನ್ನೂ ನಡುಮನೆಯಲ್ಲೇ ಬಿದ್ದಿವೆ. ಮಗಳು ಕರುಣಾ, ಅವಳ ಗಂಡ ಮಿಷನರಿಗಳಾಗಿ ಆಫ್ರಿಕಾದ ಮಲಾವಿಗೆ ಹೋಗಿ ಒಂಬತ್ತು ವರ್ಷ. ಇವಳು ಅಲ್ಲಿ ಹೆರಿಗೆ ಮಾಡಿಸುತ್ತಾಳೆ, ಅವನು ಶಾಲೆ ನಡೆಸುತ್ತಾನೆ. ರಜೆ ಮುಗಿಸಿ ಬುಧವಾರ ಹೊರಡುತ್ತಾರೆ. ಅಲ್ಲಿನ ಮಕ್ಕಳಿಗೆಂದು ನಮ್ಮ ಗುಬ್ಬಿ ಚರ್ಚಿನ ಸಭೆಯವರು ಬಟ್ಟೆ ಕಳಿಸಿದ್ದಾರೆ. ಜಿಪ್ ಕಿತ್ತುಹೋದ ಪ್ಯಾಂಟು, ಕಂಕುಳಲ್ಲಿ ಹರಿದ ಫ್ರಾಕು!

ಕಾರ್ಯದರ್ಶಿ ಸ್ವಾಮಿದಾಸನಿಗೆ ಫೋನಿನಲ್ಲೇ ಬೈದೆ. "ಏನೂ ಇಲ್ದವ್ರಿಗೆ ಇದೇ ಹೆಚ್ಚು ಬುಡಯ್ಯ. ಮಕ್ಳು ಹಾಕ್ಕೊಂಡಿರೋ ಫೋಟೋ ಮಾತ್ರ ಕಳ್ಸೋಕ್ ಹೇಳು" ಅಂದ.

ಫೋಟೋ! ಕುಣಿಗಲ್ಲಿನ ಮಿಷನ್ ಹಾಸ್ಟೆಲಿನಲ್ಲಿದ್ದಾಗ ನನಗೆ ಎಂಟು ವರ್ಷ. ವಿದೇಶದಿಂದ ಬಂದ ಪೆಟ್ಟಿಗೆಯಲ್ಲಿದ್ದ ಯಾವಳೋ ದೊರೆಸಾನಿಯ ಉಣ್ಣೆ ಕೋಟು ನನ್ನ ಪಾಲಿಗೆ ಬಂತು. ಏಪ್ರಿಲ್ ಬಿಸಿಲಲ್ಲಿ ಅದನ್ನು ತೊಡಿಸಿ, ನಗಲು ಹೇಳಿ ಫೋಟೋ ತೆಗೆದರು. ಅರವತ್ತು ವರ್ಷವಾದರೂ ಆ ನುಸಿಗುಳಿಗೆಯ ವಾಸನೆ ಮೂಗು ಬಿಟ್ಟಿಲ್ಲ. ಸ್ವಾಮಿದಾಸನೂ ಅದೇ ಸಾಲಿನಲ್ಲಿ ನಿಂತಿದ್ದ. ಅವನಿಗೆ ಮರೆತುಹೋಗಿದೆ.

ಮೊಮ್ಮಗಳು ಲಿಡಿಯಾ ಆ ಫ್ರಾಕನ್ನು ಎತ್ತಿ ನೋಡಿ, "ಇದನ್ನ ನನ್ ಫ್ರೆಂಡ್‌ಗೆ ಹೆಂಗ್ ಕೊಡ್ಲಿ ತಾತ? ಅಲ್ಲಿ ಕ್ಲಾಸಲ್ಲಿ ನನ್ ಪಕ್ಕಾನೇ ಕೂರ್ತಾಳೆ" ಅಂದಳು. ಒಂದು ಮೂಟೆಯೂ ವಿಮಾನ ಹತ್ತುವುದಿಲ್ಲ, ನಾಳೆಯೇ ಒಯ್ದು ಸ್ವಾಮಿದಾಸನ ಬಾಗಿಲಲ್ಲಿ ಸುರಿಯುತ್ತೇನೆ ಎಂದು ಕೂಗಾಡಿದೆ.

ಕರುಣಾ ಮೂಟೆಯಿಂದ ಕಾಲರ್ ಸವೆದ ಕಂದು ಶರಟೊಂದನ್ನು ಎಳೆದಳು. "ಅಪ್ಪಾ, ಇದು ನಿಂದೇ ಅಲ್ವಾ?"

ನನ್ನದೇ. ಹೋದ ತಿಂಗಳು ಸಭೆಯಲ್ಲಿ ಕೇಳಿದಾಗ ನಾನೇ ಮಡಚಿ ಕೊಟ್ಟಿದ್ದೆ.

"ಒಗೆದು ಕೊಟ್ಟಿದ್ದೆ ಕಣೇ" ಅಂದೆ.

ಆ ಕೋಟನ್ನೂ ಯಾರೋ ಒಗೆದು, ಇಸ್ತ್ರಿ ಮಾಡಿಯೇ ಕಳಿಸಿರಬೇಕು.